ಬಿಳೀ ಕಾರಿಗೆ ತಿದಿ ಇಲ್ಲ, ಚಲುವ!

ಹತ್ತಿರ ಬನ್ನಿ, ಕಾಲು ನೀಡಿಕೊಂಡು ಕೂತ್ಕೊಳ್ಳಿ. ನಗು ಬಂದರೆ ನಕ್ಕುಬಿಡಿ, ಆದರೆ ನಮ್ಮ ಕೆಂಪಾಜಮ್ಮನ ಮುಂದೆ ಮಾತ್ರ ನಗಬೇಡಿ. ಹೆತ್ತವಳು, ಪಾಪ, ಅವಳ ಸಂಕಟ ಅವಳಿಗೇ ಗೊತ್ತು.

ಮಂಡ್ಯದ ಬೆಲ್ಲದ ಮಂಡಿ ಸಾಹುಕಾರ ಶಿವನಂಜಪ್ಪನ ಮನೆಯಲ್ಲಿ ಅಡಿಗೆ ಮಾಡಿಕೊಂಡಿದ್ದವಳು ಈ ಕೆಂಪಾಜಮ್ಮ. ಅವಳಿಗೆ ಒಬ್ಬನೇ ಮಗ, ಹೆಸರು ಚಲುವ. ಇಪ್ಪತ್ತೆಂಟು ವರ್ಷ, ಆರಡಿ ಆಳು. ಚೆಲುವೆಲ್ಲ ಮೋರೆಗೇ ಖರ್ಚಾಗಿ ತಲೆಗೆ ಏನೂ ಉಳಿದಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಕೂದಲೆಳೆಯಷ್ಟು ಹೆಚ್ಚಿಲ್ಲ, ಕೂದಲೆಳೆಯಷ್ಟು ಕಡಿಮೆಯಿಲ್ಲ. ಹೋಟೆಲಿನಲ್ಲಿ ಕೆಲಸಕ್ಕೆ ಸೇರಿಸಿದರೆ, "ಟೇಬಲ್ ಮೇಲಿರೋದೆಲ್ಲ ಎತ್ತು" ಅಂದರು. ಗಿರಾಕಿ ಇನ್ನೂ ಮುರಿದು ಬಾಯಿಗಿಡುತ್ತಿದ್ದ ದೋಸೆಯನ್ನೂ ಎತ್ತಿಕೊಂಡು ಹೋದ. ಎರಡನೇ ದಿನಕ್ಕೆ ಮನೆಗೆ ಬಂದ. ಇಂಥವು ಒಂದಲ್ಲ, ಏಳು ಕೆಲಸ!

ಒಂದು ವಿದ್ಯೆ ಮಾತ್ರ ಅವನಿಗೆ ಒಲಿದಿತ್ತು, ಕಾರು ಓಡಿಸುವುದು. ಸ್ಟೇರಿಂಗ್ ಹಿಡಿದರೆ ಚಲುವ ದೇವರು. ಸ್ಟೇರಿಂಗ್ ಬಿಟ್ಟರೆ ಉಳಿದವರಿಗೆ ದೇವರೇ ಗತಿ.

ಮಗನಿಗೊಂದು ಮದುವೆ ಮಾಡಬೇಕು, ಸೊಸೆಯ ಬಾಯಲ್ಲಿ ಒಂದು ಸಲ 'ಅತ್ತೆ' ಅನ್ನಿಸಿಕೊಳ್ಳಬೇಕು ಅನ್ನೋದು ಕೆಂಪಾಜಮ್ಮನ ಆಸೆ. ನಾಗಮಂಗಲದ ಕಡೆಯ ಬೆಟ್ಟೇಗೌಡನಿಗೆ ಜಯಶೀಲ ಅಂತ ಮಗಳಿದ್ದಳು. ಆದರೆ ಬೆಟ್ಟೇಗೌಡ ಕಡ್ಡಿ ಮುರಿದ ಹಾಗೆ ಹೇಳಿದ್ದ: "ನಿನ್ ಮಗ ಒಂದೇ ಕಡೆ ಒಂದು ತಿಂಗಳು ನಿಲ್ಲಲಿ ಕಣವ್ವ. ಗೌರಿ ಹಬ್ಬದ ಗಂಟ ಕೆಲ್ಸ ಉಳಿಸ್ಕೊಂಡ್ರೆ ಮನೆ ನೋಡಕ್ಕೆ ಬತ್ತೀವಿ. ಇಲ್ದಿದ್ರೆ ಈ ಮಾತು ಇಲ್ಲಿಗೇ ಬುಟ್ಬುಡು."

ಕೆಂಪಾಜಮ್ಮ ಸಾಹುಕಾರನ ಮುಂದೆ ಕೈ ಮುಗಿದಳು. ಅವನೂ ಅವಳ ಬಸ್ಸಾರಿನ ಋಣಕ್ಕೆ ಒಪ್ಪಿ ಚಲುವನನ್ನು ಡ್ರೈವರಾಗಿ ಇಟ್ಟುಕೊಂಡ.

ಸಾಹುಕಾರನ ಹತ್ತಿರ ಎರಡು ಫಾರಿನ್ ಕಾರು, ಒಂದು ಬಿಳೀದು, ಒಂದು ಕರೀದು. ಹೆಂಡತಿಯ ಹುಟ್ಟಿದ ದಿನ ಮರೆತರೂ ಆ ಕಾರುಗಳಿಗೆ ಎಣ್ಣೆ ಬದಲಿಸುವ ದಿನ ಮರೆಯದವನು ಅವನು.

"ನೋಡ್ಲಾ ಚಲುವ, ಬಿಳೀದು ಇಪ್ಪತ್ತೆರಡು ವರ್ಷದ್ದು. ತಾನಾಗೇ ಉಸಿರಾಡ್ತದೆ, ನಿನ್ನಂಗೆ ನನ್ನಂಗೆ. ಕರೀದು ಹೊಸದು, ಟರ್ಬೊ! ಕುಲುಮೇಲಿ ತಿದಿ ಇರ್ತದಲ್ಲ, ಅಂಗೇ ಇದ್ರೊಳಗೊಂದು ಪುಟಾಣಿ ಫ್ಯಾನು ಐತೆ. ಇಂಜಿನ್ ಬಿಡೋ ಹೊಗೇಲೇ ತಿರುಗಿ, ಗಾಳೀನ ಒತ್ತಿ ಒತ್ತಿ ಒಳಕ್ಕೆ ಊದ್ತದೆ."

"ಬಿಳೀದು ತಾನೇ ಉಸಿರಾಡ್ತದೆ. ಕರೀದಕ್ಕೆ ಊದ್ಬೇಕು."

"ನೀನು ಊದ್ಬೇಡ್ಲಾ! ಅದೇ ಊದ್ಕೊಳ್ತದೆ!"

ಮೊದಲನೇ ದಿನವೇ ಚಲುವ ಕರೀ ಕಾರನ್ನು ಮದ್ದೂರಿನಿಂದ ಗಾಳಿಯ ಹಾಗೆ ತಂದು, ಮನೆ ಮುಂದೆ ನಿಲ್ಲಿಸಿ, ಪಟ್ ಅಂತ ಇಂಜಿನ್ ಆರಿಸಿದ. ಸಾಹುಕಾರ ತಲೆ ತಲೆ ಚಚ್ಚಿಕೊಂಡ.

"ಲೇ, ಲೇ! ಅಷ್ಟು ಓಡಿ ಬಂದು ಅದರ ಎದೆ ಕೆಂಡ ಆಗಿರ್ತದೆ! ತಕ್ಷಣ ಆರಿಸಿದ್ರೆ ಒಳಗಿರೋ ಎಣ್ಣೆ ಸುಟ್ಟು ಕರಕಲಾಗ್ತದೆ! ಊರು ಮುಟ್ಟಿದ ಮೇಲೆ ಎರಡು ನಿಮಿಷ ಸುಮ್ನೆ ಕೂತ್ಕೊಂಡು, ಇಂಜಿನ್ ಉಸಿರಾಡಕ್ಕೆ ಬುಟ್ಟು, ಆಮೇಲೆ ಇಳೀಬೇಕು! ತಿಳೀತಾ?"

"ಆಗ್ಲಿ ಬುಡಿ ಯಜಮಾನ್ರೇ. ಇನ್ಮುಂದೆ ಅಂಗೇ ಮಾಡ್ತೀನಿ."

ಮಾಡಿದ! ಮೂರನೇ ದಿನ ಸಾಹುಕಾರ, ಸಾಹುಕಾರ್ತಿ ಇಬ್ಬರೂ ನೆಂಟರ ಮದುವೆಗೆ ಬಿಳೀ ಕಾರಿನಲ್ಲಿ ಹೊರಟರು. ಹೊರಡುವಾಗಲೇ ತಡ. ಛತ್ರದ ಮುಂದೆ ಕಾರು ನಿಂತಾಗ ಒಳಗೆ ಗಟ್ಟಿಮೇಳ ಶುರುವಾಗಿತ್ತು. ಚಲುವ ನಾಲ್ಕು ಬಾಗಿಲಿಗೂ ಟಕ್ ಅಂತ ಲಾಕ್ ಹಾಕಿದ. ಇಂಜಿನ್ ಆರಿಸಲಿಲ್ಲ. ಕೈ ಕಟ್ಟಿ ಕೂತ.

"ಬಾಗ್ಲು ತೆಗ್ಯೋ!"

"ಎರಡು ನಿಮಿಷ ಯಜಮಾನ್ರೇ. ಉಸಿರಾಡ್ತಾ ಐತೆ."

"ತಾಳಿ ಕಟ್ತಾವ್ರೆ ಕಣೋ!"

"ಒಂದೂವರೆ ನಿಮಿಷ."

ಒಳಗೆ ಅಕ್ಷತೆ ಬಿತ್ತು. ಹೊರಗೆ ಸಾಹುಕಾರ ಗಾಜಿಗೆ ಮೂಗು ಒತ್ತಿಕೊಂಡು ವಾಲಗ ಕೇಳಿದ. ಸಾಹುಕಾರ್ತಿ ಕೈಯಲ್ಲಿದ್ದ ಮುಯ್ಯಿಯ ಕವರು ಬೆವರಿಗೆ ನೆನೆದುಹೋಯಿತು.

"ಅಯ್ಯೋ ಪೆದ್ದಮುಂಡೇದೆ! ಆ ಕಾಯೋದೆಲ್ಲ ಕರೀದಕ್ಕೆ! ಬಿಳೀದಕ್ಕೆ ತಿದಿ ಇಲ್ಲ! ಕಾರು ನಿಂತ ತಕ್ಷಣ ಬಾಗ್ಲು ತೆಗಿ, ಕೂತಿರೋರ್ನ ಇಳಿಸು, ಸಾಮಾನು ಇಳಿಸು, ಮುಂದಕ್ಕೆ ಹೋಗ್ತಾ ಇರು!"

"ಆಗ್ಲಿ ಬುಡಿ ಯಜಮಾನ್ರೇ. ಇನ್ಮುಂದೆ ಅಂಗೇ ಮಾಡ್ತೀನಿ."

ಮಾಡದೆ ಇರುತ್ತಾನೆಯೇ? ಎರಡು ವಾರ ಕಳೆದು ಸಾಹುಕಾರ್ತಿಯ ತಾಯಿಯನ್ನು ಮೈಸೂರಿನಿಂದ ಕರೆತರಲು ಬಿಳೀ ಕಾರು ಹೋಯಿತು. ಎಪ್ಪತ್ತೆಂಟು ವರ್ಷದ ಅಜ್ಜಿ, ಜೊತೆಗೆ ಮೂರು ಜಾಡಿ ಉಪ್ಪಿನಕಾಯಿ, ಒಂದು ಚೀಲ ಸಂಡಿಗೆ. ದಾರಿಯಲ್ಲಿ ರೈಲ್ವೆ ಗೇಟು ಬಿತ್ತು. ಕಾರು ನಿಂತಿತು. ನಿಂತ ತಕ್ಷಣ ಚಲುವ ಬಾಗಿಲು ತೆಗೆದ, ಅಜ್ಜಿಯನ್ನು ಇಳಿಸಿದ, ಮೂರು ಜಾಡಿ ಇಳಿಸಿದ, ಸಂಡಿಗೆ ಚೀಲ ಇಳಿಸಿದ. ರೈಲು ಹೋಯಿತು, ಗೇಟು ಎದ್ದಿತು, ಚಲುವನೂ ಹೋದ!

"ಎಲ್ಲೋ ನಮ್ಮವ್ವ?" ಸಾಹುಕಾರ್ತಿ ಕೇಳಿದಳು.

"ಇಳಿಸಿವ್ನಿ ಕಣಮ್ಮ. ಸಾಮಾನೂ ಇಳಿಸಿವ್ನಿ. ಒಂದು ಜಾಡೀನೂ ಒಡೆದಿಲ್ಲ."

ಹೋಗಿ ನೋಡಿದರೆ ಅಜ್ಜಿ ಗೇಟು ಕಾಯುವವನ ಸ್ಟೂಲಿನ ಮೇಲೆ ಕೂತು, ಅವನ ಊಟದ ಡಬ್ಬಿಗೆ ಉಪ್ಪಿನಕಾಯಿ ಬಡಿಸುತ್ತಿದ್ದಳು. ಆಕೆಗೇನೋ ಸಂತೋಷವಾಗಿಯೇ ಇತ್ತು. ಸಾಹುಕಾರ್ತಿ ಮಾತ್ರ ಉರಿದುಬಿದ್ದಳು.

"ವಯಸ್ಸಾದೋರ್ನ ನಡುದಾರೀಲಿ ಬಿಡ್ತಾರೇನೋ? ಯಾರು ಏನೇ ಕೂಗ್ಲಿ, ವಯಸ್ಸಾದೋರ್ನ ಮೆಲ್ಲಗೆ, ತುಂಬಿದ ಕೊಡ ಹೊತ್ತಂಗೆ, ಅಲುಗಾಡಿಸ್ದೆ ಮನೆಗೆ ತಂದು ಮುಟ್ಟಿಸ್ಬೇಕು!"

"ಆಗ್ಲಿ ಬುಡಿ ಅಮ್ಮಾವ್ರೇ. ಇನ್ಮುಂದೆ ಅಂಗೇ ಮಾಡ್ತೀನಿ."

ಅಡಿಗೆಮನೆಯಲ್ಲಿ ಕೆಂಪಾಜಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಹಬ್ಬಕ್ಕೆ ಇನ್ನು ಹತ್ತೇ ದಿನ. ಕ್ಯಾಲೆಂಡರಿನಲ್ಲಿ ಒಂದೊಂದೇ ದಿನಕ್ಕೆ ಕುಂಕುಮದ ಬೊಟ್ಟು ಇಡುತ್ತಿದ್ದಳು. ದೇವರಿಗಿಂತ ಹೆಚ್ಚು ಕುಂಕುಮ ಆ ಕ್ಯಾಲೆಂಡರಿಗೇ ಹೋಗುತ್ತಿತ್ತು.

ಅಷ್ಟರಲ್ಲಿ ಬಂತು ಹಬ್ಬಕ್ಕೆ ಮುಂಚಿನ ಭಾನುವಾರ. ಫಾರಿನ್ ಕಾರು ಇಟ್ಟುಕೊಂಡವರೆಲ್ಲ ಶ್ರೀರಂಗಪಟ್ಟಣದ ಆಚೆ ಒಂದು ಖಾಲಿ ರಸ್ತೆಯಲ್ಲಿ ಸೇರಿ, ಕಾಫಿ ಕುಡಿದು, ನನ್ನದು ಹೆಚ್ಚು ನಿನ್ನದು ಹೆಚ್ಚು ಅಂತ ಜಂಬ ಕೊಚ್ಚಿಕೊಳ್ಳುವುದು ವಾಡಿಕೆ. ಮೈಸೂರಿನ ಡಾಕ್ಟರೊಬ್ಬ, "ಈಗೇನಿದ್ದರೂ ಟರ್ಬೊ ಕಾಲ ಸಾಹುಕಾರ್ರೇ, ನಿಮ್ಮ ಹಳೇದನ್ನ ಗುಜರಿಗೆ ಹಾಕಿ" ಅಂದ. ಸಾಹುಕಾರನಿಗೆ ರೋಷ ಬಂತು.

"ಏನಂದ್ರಿ? ಟರ್ಬೊಗೆ ಕಾಲಿಟ್ಟರೆ 'ತಡಿ, ಊದ್ಕೊಂಡು ಬತ್ತೀನಿ' ಅಂತದೆ. ನಮ್ಮ ಬಿಳೀದು ಕಾಲಿಟ್ಟ ಗಳಿಗೇಲಿ ಎದ್ದು ನಿಲ್ತದೆ. ಅದರ ದನಿ ಕೇಳಿದ್ದೀರಾ? ವಯಸ್ಸಾಗಿರಬೋದು, ನಮ್ಮನೆ ಹಿರೀ ಜೀವ ಇದು. ಚಲುವ, ತೋರಿಸ್ಲಾ ಇವರಿಗೆ!"

ವಯಸ್ಸಾಗಿದೆ! ಹಿರೀ ಜೀವ! ಚಲುವ ಕೈ ಮುಗಿದು ಕಾರು ಹತ್ತಿದ. ಮೆಲ್ಲಗೆ ಬಿಟ್ಟ. ಇನ್ನೂ ಮೆಲ್ಲಗೆ ಬಿಟ್ಟ. ಮೂವತ್ತು ಜನ ಕಿವಿ ನಿಮಿರಿಸಿಕೊಂಡು ನಿಂತಿದ್ದರೆ ಕಾರು ಸದ್ದಿಲ್ಲದೆ ಅವರ ಮುಂದೆ ನಡೆದುಕೊಂಡು ಹೋಯಿತು. ಸಾಹುಕಾರ ಪಕ್ಕದಲ್ಲೇ ಹೆಜ್ಜೆ ಹಾಕುತ್ತಾ ಗಾಜು ಬಡಿದ.

"ತುಳಿಯೋ! ತುಳಿಯೋ! ಮಾನ ಹೋಗ್ತಾ ಐತೆ!"

"ಯಾರೇನೇ ಕೂಗಿದ್ರೂ ಅಲುಗಾಡಿಸ್ಬಾರ್ದು ಅಂತ ಅಮ್ಮಾವ್ರು ಹೇಳವ್ರೆ!"

ಅರ್ಧ ಮೈಲಿ ನಡೆದು ಸಾಹುಕಾರ ಸುಸ್ತಾಗಿ ಕೂತ. ಚಲುವ ನಿಲ್ಲಿಸಲಿಲ್ಲ, ಮನೆಗೆ ಮುಟ್ಟಿಸಬೇಕಲ್ಲ! ಕಬ್ಬಿನ ಎತ್ತಿನಗಾಡಿಗಳು ಸೈಡು ಹೊಡೆದುಕೊಂಡು ಮುಂದೆ ಹೋದವು. ಗಾಡಿಯವನೊಬ್ಬ, "ಪೆಟ್ರೋಲ್ ಮುಗೀತಾ ಸಾಮಿ? ಹಗ್ಗ ಕೊಡ್ಲಾ?" ಅಂತ ಕೇಳಿದ. ಬೆಳಿಗ್ಗೆ ಹೊರಟ ಕಾರು ದೀಪ ಹಚ್ಚುವ ಹೊತ್ತಿಗೆ ಮಂಡ್ಯ ಸೇರಿತು. ಸಾಹುಕಾರ ಆಗಲೇ ಬಂದು ಗೇಟಿನಲ್ಲಿ ನಿಂತಿದ್ದ. ಬಂದದ್ದು ಯಾವುದರಲ್ಲಿ? ಆ ಡಾಕ್ಟರನ ಟರ್ಬೊ ಕಾರಿನಲ್ಲಿ!

"ನಾಳೆಯಿಂದ ನನಗೆ ನಿನ್ನ ಮುಖ ತೋರಿಸ್ಬೇಡ!"

ಕೆಂಪಾಜಮ್ಮನ ಜೀವ ಬಾಯಿಗೆ ಬಂತು. ಹಬ್ಬ ನಾಡಿದ್ದು, ಬೆಟ್ಟೇಗೌಡ ಬರುವುದೂ ನಾಡಿದ್ದೇ. ಒಂದೇ ಒಂದು ಸೊಸೆ ಕಣಪ್ಪ ಚಲುವರಾಯ, ನಿನ್ನ ಹೆಸರೇ ಇಟ್ಟೆನಲ್ಲ, ಅದಕ್ಕಾದರೂ ನೋಡಬಾರದಾ ಅಂತ ದೇವರ ಪಟಕ್ಕೆ ಬೈದಳು.

ಬೆಳಿಗ್ಗೆ ಸಾಹುಕಾರ ಕಾಫಿ ಕುಡಿಯುತ್ತಾ ಕೂತಿದ್ದಾನೆ, ತಲೆಯಿಂದ ಗಂಟಲವರೆಗೆ ಟವೆಲ್ಲು ಸುತ್ತಿಕೊಂಡ ಆಸಾಮಿಯೊಬ್ಬ ತಡವರಿಸುತ್ತಾ ಬಂದು ಕಂಬಕ್ಕೆ ನಮಸ್ಕಾರ ಮಾಡಿದ.

"ಯಾರೋ ಅದು?"

"ನಾನೇ ಯಜಮಾನ್ರೇ. ಮುಖ ತೋರಿಸ್ಬೇಡ ಅಂದ್ರಲ್ಲ. ಕಾರು ತೆಗೀಲಾ?"

ಸಾಹುಕಾರನಿಗೆ ಕಾಫಿ ಮೂಗಿಗೆ ಹತ್ತಿತು. ಕೆಮ್ಮಿದ, ನಕ್ಕ, ಮತ್ತೆ ಕೆಮ್ಮಿದ. ನಕ್ಕ ಮೇಲೆ ಕೆಲಸದಿಂದ ತೆಗೆಯುವುದು ಹೇಗೆ?

"ಹಾಳಾಗೋಗು! ಟವೆಲ್ ಬಿಚ್ಚಿ ಕೇಳಿಸ್ಕೊ. ತಾನೇ ಉಸಿರಾಡೋದಕ್ಕೆ ಊದೋರು ಯಾರೂ ಇರಲ್ಲ. ಅದರ ದನಿ ಕೇಳ್ಬೇಕಾದ್ರೆ ಕಾಲಲ್ಲಿ ಒತ್ತಿ ತುಳೀಬೇಕು. ಮೀಟರಿನ ಮುಳ್ಳು ಕೆಂಪಿಗೆ ಬಂದು ಇಂಜಿನ್ ಕಿರುಚೋ ಗಂಟ ಕಾಲು ಎತ್ತಬಾರ್ದು!"

"ಆಗ್ಲಿ ಬುಡಿ ಯಜಮಾನ್ರೇ. ಇನ್ಮುಂದೆ ಅಂಗೇ ಮಾಡ್ತೀನಿ."

ಹಬ್ಬದ ದಿನ ಬೆಳಿಗ್ಗೆ ಬೆಟ್ಟೇಗೌಡ, ಅವನ ಹೆಂಡತಿ ಬಸ್ಸಿಳಿದು ಕೆಂಪಾಜಮ್ಮನ ಮನೆಗೆ ಬಂದರು. ಹಿಂದೆ ಜಯಶೀಲ! ಮನೆ ನೋಡುವ ಶಾಸ್ತ್ರಕ್ಕೆ ಹುಡುಗಿ ಬರುವುದು ಎಲ್ಲಾದರೂ ಉಂಟೇ? "ಬಾಳೋಳು ನಾನು, ನೋಡೋಳೂ ನಾನೇ" ಅಂತ ಹಟ ಹಿಡಿದು ಬಂದಿದ್ದಳಂತೆ. ಬಂದವಳು ಚಾಪೆ ಮೇಲೆ ಕೂತು, ಒಂದು ಮಾತೂ ಆಡದೆ ಚಲುವನನ್ನೇ ದಿಟ್ಟಿಸಿ ನೋಡತೊಡಗಿದಳು.

ಕೆಂಪಾಜಮ್ಮ ಹೋಳಿಗೆ ಬಡಿಸಿದಳು, ತುಪ್ಪ ಸುರಿದಳು. ಮಗ ಬಾಯಿ ಬಿಡದೆ ಇದ್ದರೆ ಸಾಕಪ್ಪ ಅಂದುಕೊಂಡಳು. ಆದರೆ ಬೆಟ್ಟೇಗೌಡನೇ, "ಏನಪ್ಪ, ನಮ್ಮುಡ್ಗಿ ದನಿ ಕೇಳಲ್ವಾ?" ಅಂದುಬಿಟ್ಟ.

ಚಲುವ ತಾಯಿಯ ಕಿವಿಯಲ್ಲಿ, "ಅವ್ವ, ಈ ಹುಡ್ಗಿಗೆ ತಿದಿ ಐತಾ?" ಅಂದ.

"ಎಂಥಾ ತಿದಿಲಾ? ತಾನೇ ಉಸಿರಾಡ್ತಾಳೆ, ಸುಮ್ಕಿರು!"

ತಾನೇ ಉಸಿರಾಡುತ್ತಾಳೆ! ಸರಿ! ಚಲುವ ಎದ್ದ, ಜಯಶೀಲಳ ಮುಂದೆ ಹೋಗಿ ನಿಂತ, ಅವಳ ಕಾಲಿನ ಹೆಬ್ಬೆರಳಿನ ಮೇಲೆ ಕಾಲಿಟ್ಟು ಒತ್ತಿದ. ಅವಳು ಕಣ್ಣು ಕಣ್ಣು ಬಿಟ್ಟಳು. ಒತ್ತಿದ. ಅವಳ ಮುಖ ಕೆಂಪಾಯಿತು. ಇನ್ನೊಂದಿಷ್ಟು ಒತ್ತಿದ.

"ಅಯ್ಯಯ್ಯಪ್ಪೋ!"

"ಬಂತು! ದನಿ ಬಂತು ಕಣವ್ವ!" ಚಲುವ ಕಾಲೆತ್ತಿ ಕುಣಿದ. "ಬಿಳೀ ಕಾರಿಗಿಂತ ಚೆನ್ನಾಗೈತೆ!"

ಬೆಟ್ಟೇಗೌಡ ಎಲೆ ಮುಂದಿನಿಂದ ಎದ್ದ. ಕೆಂಪಾಜಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮುಗೀತು, ಕ್ಯಾಲೆಂಡರಿಗೆ ಇಟ್ಟ ಕುಂಕುಮವೆಲ್ಲ ನೀರಲ್ಲಿ ಹೋಯಿತು!

ಅಷ್ಟರಲ್ಲಿ ಜಯಶೀಲ ಎದ್ದಳು. ಸೆರಗು ಸಿಕ್ಕಿಸಿದಳು. ಚಲುವನ ಕಾಲಿನ ಮೇಲೆ ತನ್ನ ಹಿಮ್ಮಡಿ ಊರಿ, ಹಲ್ಲು ಕಚ್ಚಿ ತುಳಿದಳು ನೋಡಿ! ಚಲುವ ಕಿರುಚಿದ್ದಕ್ಕೆ ಪಕ್ಕದ ಮನೆಯ ಕೋಳಿಗಳು ಹಾರಿದವು.

"ನಿಮ್ಮ ದನೀನೂ ಚೆನ್ನಾಗೈತೆ," ಅಂದು ಅವಳು ಅಪ್ಪನ ಕಡೆ ತಿರುಗಿದಳು. "ಅಪ್ಪ, ಇವನೇ ಸಾಕು. ಹೇಳಿದ್ದನ್ನ ಹೇಳಿದಂಗೇ ಮಾಡೋ ಗಂಡು ಇನ್ನೆಲ್ಲಿ ಸಿಕ್ತಾನೆ?"

ಬೆಟ್ಟೇಗೌಡ ಹೆಂಡತಿಯ ಮುಖ ನೋಡಿದ. ಅವಳು, "ಹೌದು ಮತ್ತೆ" ಅಂದಳು. ಅವನು ಮತ್ತೆ ಕೂತು ಇನ್ನೊಂದು ಹೋಳಿಗೆ ಹಾಕಿಸಿಕೊಂಡ. ಕೆಂಪಾಜಮ್ಮ ಖುಷಿಗೆ ಸುರಿದ ತುಪ್ಪ ಎಲೆಯಿಂದಾಚೆಗೂ ಹರಿಯಿತು.

ಹೊರಡುವಾಗ ಬೆಟ್ಟೇಗೌಡ, "ಒಪ್ಪಿವ್ನಿ ಕಣವ್ವ. ಇವತ್ತಿಂದ ನಮ್ಮ ಜಯಶೀಲ ನಿಮ್ಮನೆ ಮಗಳು" ಅಂದ. ಸಾಹುಕಾರನೂ ಸಂತೋಷಕ್ಕೆ, ಅವರನ್ನು ಊರಿಗೆ ಬಿಟ್ಟುಬರಲು ಕರೀ ಕಾರನ್ನೇ ಕೊಟ್ಟ. ಕೆಂಪಾಜಮ್ಮ ಮಗನಿಗೆ ಹೇಳಿದಳು: "ಬೀಗರ್ನ ಊರು ಮುಟ್ಟಿಸಿ ಬೇಗ ಬಾಪ್ಪ."

ಬೇಗ ಬಂದ. ಮಧ್ಯಾಹ್ನ ಮೂರಕ್ಕೆಲ್ಲ ಕಾರು ಮನೆ ಮುಂದಿತ್ತು. ಮುಂದಿನ ಸೀಟಿನಲ್ಲಿ ಯಾರು? ಜಯಶೀಲ!

"ಅಯ್ಯೋ! ಇವಳನ್ನ ಯಾಕ್ಲಾ ಕರ್ಕೊಂಡು ಬಂದೆ?"

"ನಮ್ಮನೆ ಮಗಳು ಅಂದ್ರಲ್ಲವ್ವ! ಬೀಗರ್ನ ಅವರ ಮನೇಲಿ ಇಳಿಸ್ದೆ. ನಮ್ಮನೆಯೋಳ್ನ ನಮ್ಮನೆಗೆ ತಂದೆ."

ಜಯಶೀಲ ಹೊಟ್ಟೆ ಹಿಡಿದುಕೊಂಡು ಇಳಿದಳು. "ಇಳೀಬೇಕು ಅನ್ನೋಷ್ಟರಲ್ಲಿ ಕಾರು ಹಾರ್ಬುಡ್ತು, ಸೀಟಿಗೆ ಅಂಟ್ಕೊಂಬುಟ್ಟೆ. ಎಲ್ಲಿಗೆ ಅಂತ ಕೇಳಿದ್ರೆ ಇವ್ರು ಇಂಗಂದ್ರು. ನಗು ನಿಲ್ಲೋದ್ರೊಳಗೆ ಮಂಡ್ಯನೇ ಬಂತು, ಅತ್ತೆ."

ಅತ್ತೆ! ಕೆಂಪಾಜಮ್ಮನಿಗೆ ಕಣ್ಣು ತುಂಬಿ ಬಂತು. ಆದರೂ ಊರವರು ಏನಂದಾರು? ಮಗನ ಬೆನ್ನಿಗೆ ಒಂದು ಗುದ್ದು ಗುದ್ದಿದಳು.

"ಪೆದ್ದ, ಪೆದ್ದ! ಮದ್ವೆಗೆ ಮುಂಚೆ ಗಂಡು ಹೆಣ್ಣು ಒಂದೇ ಮನೇಲಿರಬಾರ್ದು ಕಣ್ಲಾ! ಈಗಿಂದೀಗ್ಲೇ ಹೊರಡು!"

"ಅಷ್ಟೇ ತಾನೇ? ಆಗ್ಲಿ ಬುಡವ್ವ."

ಚಲುವ ಒಳಗೆ ಹೋದ, ಏನನ್ನೋ ಹಿಡಿದುಕೊಂಡು ಬಂದು ಕಾರಿಗೆ ಹಾಕಿದ. ಕೆಂಪಾಜಮ್ಮ ಸೊಸೆಯ ಮುಡಿಗೆ ಹೂವು ತರಲು ದೇವರ ಮನೆಗೆ ಹೋಗಿ ಬರುವಷ್ಟರಲ್ಲಿ ಕಾರು ಸುಯ್ಯೆಂದು ಬೀದಿಯ ತುದಿ ದಾಟಿತ್ತು. ಜಯಶೀಲ ಮಾತ್ರ ಜಗಲಿಯ ಮೇಲೇ ಇದ್ದಳು, ಕಂಬ ಹಿಡಿದುಕೊಂಡು ನಗುತ್ತಾ.

ಒಂದು ಗಂಟೆ ಕಳೆದು ಫೋನು ಬಂತು. ಬೆಟ್ಟೇಗೌಡನ ದನಿ ಫೋನಿಲ್ಲದೆಯೂ ಮಂಡ್ಯಕ್ಕೆ ಕೇಳುವ ಹಾಗಿತ್ತು.

"ಕೆಂಪಾಜವ್ವ! ನನ್ ಮಗಳನ್ನ ಕಳಿಸೋದು ಬುಟ್ಟು ನಿನ್ ಮಗನ್ನ ಕಳಿಸಿದ್ದೀಯಲ್ಲವ್ವ! ಚಾಪೆ, ದಿಂಬು ಹೊತ್ಕೊಂಡು ಬಂದು, 'ಮದ್ವೆ ಗಂಟ ಇಲ್ಲೇ ಇರ್ತೀನಿ ಮಾವ' ಅಂತ ನಡುಮನೇಲಿ ಹಾಸ್ಕೊಂಡು ಮಲಗವ್ನೆ!"