ಜಾಲಿಮುಳ್ಳಿನ ಬಾಗಿಲು

ನದಿಯ ದಂಡೆಯಲ್ಲಿ ಒಂದು ಚಿಕ್ಕ ಕ್ರೈಸ್ತ ಆಶ್ರಮವಿತ್ತು. ಗುರುಗಳು ಇನ್ನಾಸಪ್ಪ ಸ್ವಾಮಿ. ಶಿಷ್ಯರು ನಾಲ್ವರು. ಅವರಲ್ಲಿ ಚೌರಪ್ಪ ಎಂಬುವನಿಗೆ ಉಳಿದ ಮೂವರ ಮೇಲೂ ಅನುಮಾನ.

ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳ ತಪಸ್ಸುಕಾಲ ಶುರುವಾಗುವ ಹಿಂದಿನ ದಿನ ಅವನು ಗುರುಗಳ ಮುಂದೆ ಬಂದು ನಿಂತ.

"ಸ್ವಾಮಿ, ಈಸ್ಟರ್ ಹಬ್ಬದವರೆಗೂ ನಾನು ಒಬ್ಬನೇ ಇರ್ತೀನಿ. ತೋಪಿನಾಚೆ ಆ ಗುಡಿಸಲು ಖಾಲಿ ಇದೆಯಲ್ಲ, ಅಲ್ಲಿ."

"ಯಾಕಪ್ಪ?"

"ನಾನು ಅಡುಗೆಮನೆಗೆ ಕಾಲಿಟ್ಟರೆ ಮಾತು ನಿಂತುಹೋಗುತ್ತೆ. ರಾಯಪ್ಪಣ್ಣ ಸೌಟು ತಿರುಗಿಸ್ತಾ ಆ ಕಡೆ ಮುಖ ಮಾಡ್ಕೊಳ್ತಾನೆ. ನನ್ನ ಬೆನ್ನ ಹಿಂದೆ ಏನೋ ನಡೀತಿದೆ."

"ಅವನನ್ನ ಕೇಳಿದ್ಯಾ?"

"ಕೇಳಿದ್ರೆ ನಿಜ ಹೇಳ್ತಾನಾ?"

ಗುರುಗಳು ಹೊಳೆಯ ಕಡೆ ಮುಖ ತಿರುಗಿಸಿದರು. ಚೌರಪ್ಪನಿಗೆ ಈಗ ಅವರ ಮೇಲೂ ಒಂದಿಷ್ಟು ಅನುಮಾನ ಬಂತು.

"ಯೇಸುಸ್ವಾಮಿಯೂ ಮರುಭೂಮಿಗೆ ಒಬ್ಬರೇ ಹೋಗಿದ್ದರಲ್ಲ," ಎಂದ.

"ಹೋಗಿದ್ದರು. ವಾಪಸು ಬಂದು ಏನು ಮಾಡಿದರು?"

ಚೌರಪ್ಪ ಯೋಚಿಸಿದ. "ದಡಕ್ಕೆ ಹೋಗಿ ಬೆಸ್ತರನ್ನ ಜೊತೆಗೆ ಕರೆದರು."

"ನೀನು ಬಂದು ಯಾರನ್ನ ಕರೀತೀಯ?"

"ಅದನ್ನ ಬಂದ ಮೇಲೆ ನೋಡೋಣ ಸ್ವಾಮಿ. ಅಲ್ಲೀವರೆಗೂ ಯಾರೂ ನನ್ನ ಹತ್ತಿರ ಸುಳಿಯಬಾರದು. ಅವರಿಗೆ ಹೇಳಿಬಿಡಿ."

"ಹೇಳ್ತೀನಿ," ಎಂದರು ಗುರುಗಳು. ಉಳಿದವರು ಅದನ್ನು ಕೇಳುತ್ತಾರೆ ಎಂದು ಮಾತ್ರ ಹೇಳಲಿಲ್ಲ.

ಗುಡಿಸಲು ಸೇರಿದ ಮೇಲೆ ಮೊದಮೊದಲು ಹಾಯೆನಿಸಿತು. ಆಡಿಕೊಳ್ಳುವವರಿಲ್ಲ, ಮುಖ ತಿರುಗಿಸುವವರಿಲ್ಲ. ಚೌರಪ್ಪ ಬೈಬಲ್ ಬಿಚ್ಚಿಕೊಂಡು ಕೂರುತ್ತಿದ್ದ. ಕಣ್ಣು ಪುಟದ ಮೇಲಿರುತ್ತಿತ್ತು, ಕಿವಿ ಮಾತ್ರ ಹೊರಗಿರುತ್ತಿತ್ತು.

ಒಂದು ಬೆಳಿಗ್ಗೆ ನೋಡಿದರೆ, ಬಾಗಿಲಾಚೆ ಇಟ್ಟಿದ್ದ ಅರೆಖಾಲಿ ಕೊಡ ಕಂಠದವರೆಗೂ ತುಂಬಿತ್ತು.

ನೀರಿಗೆ ಏನು ಬೆರೆಸಿದ್ದಾರೋ ಯಾರು ಬಲ್ಲರು? ಅಷ್ಟನ್ನೂ ಚೆಲ್ಲಿ, ಕೊಡವನ್ನು ಹುಣಸೆಹಣ್ಣು ಹಾಕಿ ತಿಕ್ಕಿದ.

ಇನ್ನೊಂದು ಬೆಳಿಗ್ಗೆ ಎಲೆ ಮುಚ್ಚಿದ ರಾಗಿಮುದ್ದೆ. ಅದನ್ನು ಹೊಳೆಗೆ ಎಸೆದು, ಮೀನು ಸಾಯುತ್ತವೋ ಎಂದು ಬಗ್ಗಿ ನೋಡಿದ. ಇನ್ನೊಂದು ಚೂರು ಸಿಗುತ್ತದೋ ಎಂದು ಮೀನುಗಳು ಇವನನ್ನು ನೋಡಿದವು.

ಆಮೇಲೆ ಒಂದು ದಿನ ಸಡಿಲವಾಗಿದ್ದ ಸೂರಿನ ಗರಿಯನ್ನು ಯಾರೋ ಬಿಗಿದು ಕಟ್ಟಿದ್ದರು. ಕದ್ದು ಬಂದು ಸೂರು ರಿಪೇರಿ ಮಾಡುವ ಕಳ್ಳ ಎಲ್ಲಾದರೂ ಉಂಟೇ ಎಂದು ಬೇರೆ ಯಾರಿಗಾದರೂ ಹೊಳೆಯುತ್ತಿತ್ತು. ಒಳಗಿಣುಕಲು ಸಂದಿ ಹುಡುಕುತ್ತಿದ್ದಾರೆ ಎಂದು ಚೌರಪ್ಪನಿಗೆ ಹೊಳೆಯಿತು.

ಆ ಆಶ್ರಮದಲ್ಲಿ ಒಂದು ಪದ್ಧತಿಯಿತ್ತು. ತಪಸ್ಸುಕಾಲ ಮುಗಿಯುವವರೆಗೂ ಯಾರೂ ಚಪ್ಪಲಿ ಮೆಟ್ಟುವಂತಿರಲಿಲ್ಲ. ಅದು ಚೌರಪ್ಪನಿಗೆ ಚೆನ್ನಾಗಿ ನೆನಪಿತ್ತು. ಅವನು ಜಾಲಿಯ ಕೊಂಬೆಗಳನ್ನು ಕಡಿದು ತಂದು, ಗುಡಿಸಲಿನ ಸುತ್ತ ಹರಡಿ, ಮೇಲೆ ಒಣಗಿದ ಎಲೆ ಉದುರಿಸಿದ. ತಾನು ಓಡಾಡಲು ಒಂದು ಸಂದು ಬಿಟ್ಟುಕೊಂಡ. ಅದು ಎಲ್ಲಿದೆ ಎಂದು ಅವನಿಗೆ ಮಾತ್ರ ಗೊತ್ತಿತ್ತು.

ಮರುದಿನ ಬೆಳಿಗ್ಗೆಯೂ ಕೊಡ ತುಂಬಿತ್ತು. ಮುಳ್ಳಿನ ಮೇಲೆ ರಕ್ತ ಒಣಗಿತ್ತು.

ಅವನಿಗೆ ಖುಷಿಯಾಯಿತು. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಲ್ಲ, ಬಹಳ ಖುಷಿಯಾಯಿತು. ಆದರೆ ಆಮೇಲೂ ಮುದ್ದೆ ಬರುವುದು ನಿಲ್ಲಲಿಲ್ಲ, ಸೂರಿಗೆ ಹೊಸ ಗಂಟು ಬೀಳುವುದೂ ನಿಲ್ಲಲಿಲ್ಲ.

ಈಸ್ಟರ್ ಹಬ್ಬಕ್ಕೆ ಮುಂಚಿನ ಪವಿತ್ರ ಗುರುವಾರದ ದಿನ ಅವನು ಆಶ್ರಮಕ್ಕೆ ಬಂದ. ಯೇಸುಸ್ವಾಮಿ ತಮ್ಮ ಶಿಷ್ಯರ ಪಾದ ತೊಳೆದ ನೆನಪಿಗೆ ಅಂದು ಸಂಜೆ ಗುರುಗಳು ಮೊಣಕಾಲೂರಿ ಎಲ್ಲರ ಕಾಲು ತೊಳೆಯುವುದು ವಾಡಿಕೆ.

"ಈ ಸಲ ನಾನು ತೊಳೀತೀನಿ, ಸ್ವಾಮಿ."

"ಭಕ್ತಿ ಜಾಸ್ತಿಯಾಯ್ತಾ?"

"ಇಲ್ಲ. ನನ್ನ ಗುಡಿಸಲಿಗೆ ಕದ್ದು ಬರುವವನ ಕಾಲು ಹುಡುಕಬೇಕು. ಮುಳ್ಳು ಚುಚ್ಚಿದ ಕಾಲು ಸಿಕ್ಕಿದರೆ, ಆ ಕಾಲಿನವನು ಆಶ್ರಮ ಬಿಟ್ಟು ಹೋಗಬೇಕು."

"ಯಾರದ್ದಾದರೂ?"

"ಯಾರದ್ದಾದರೂ."

"ಸಿಗದಿದ್ದರೆ?"

"ನಾನು ಹೋಗ್ತೀನಿ. ಮತ್ತೆ ಬರಲ್ಲ."

ಗುರುಗಳು ಅವನನ್ನೇ ನೋಡಿದರು. "ಆಗಲಿ," ಎಂದರು.

ಸಂಜೆ ಎಲ್ಲರೂ ಜಗಲಿಯ ಮೇಲೆ ಸಾಲಾಗಿ ಕೂತರು. ಚೌರಪ್ಪ ತಂಬಿಗೆ, ಬೋಗುಣಿ ಹಿಡಿದು ನೇರ ಅಡುಗೆಯ ರಾಯಪ್ಪನ ಮುಂದೆ ಮೊಣಕಾಲೂರಿದ. ಹಿಮ್ಮಡಿಯ ಮೇಲೆ ಹೆಬ್ಬೆರಳಾಡಿಸಿದ. ರಾಯಪ್ಪ ಹಲ್ಲು ಕಚ್ಚಿದ.

"ಇಲ್ಲಿದೆ ಮುಳ್ಳು! ನೀನೇನಾ ಬರ್ತಿದ್ದದ್ದು?"

"ಹೂಂ, ನಾನೇ. ನೀನು ಬೇಯಿಸೋ ಅನ್ನ ಎಂಥದು ಅಂತ ನನಗೆ ಗೊತ್ತಿಲ್ವಾ? ಮುದ್ದೆ ತಂದಿಟ್ಟೆ."

"ಹಾಗಾದರೆ ನಾನು ಅಡುಗೆಮನೆಗೆ ಬಂದರೆ ಮಾತು ಯಾಕೆ ನಿಲ್ಲಿಸ್ತಿದ್ದೆ?"

"ಏನು ಆಡಿದರೂ ನಿನ್ನ ಬಗ್ಗೇನೇ ಅಂದ್ಕೊಳ್ತಿದ್ದೆಯಲ್ಲೋ. ಬಾಯಿ ಮುಚ್ಕೊಂಡಿರೋದೇ ವಾಸಿ ಅನ್ನಿಸ್ತು."

ಚೌರಪ್ಪ ನಂಬಲಿಲ್ಲ. ಗುರುಗಳ ಕಡೆ ತಿರುಗಿ, "ಸಿಕ್ಕಿದ, ಸ್ವಾಮಿ," ಎಂದ.

"ಶುರು ಮಾಡಿದ್ದನ್ನ ಮುಗಿಸು. ಇನ್ನೂ ಕಾಲುಗಳಿವೆ."

ಎರಡನೆಯವನು ದನ ನೋಡಿಕೊಳ್ಳುವ ದೇವಸಹಾಯ. ಅವನ ಬೆರಳ ಸಂದಿಯಲ್ಲೂ ಮುಳ್ಳು ಮುರಿದಿತ್ತು.

"ಓಹೋ, ಇಬ್ಬರೂ ಸೇರಿಕೊಂಡಿದ್ದೀರಾ!"

ಆದರೆ ರಾಯಪ್ಪ ಬಾಯಿ ಬಿಟ್ಟುಕೊಂಡು ದೇವಸಹಾಯನನ್ನು ನೋಡುತ್ತಿದ್ದ. "ನೀನೂ ಹೋಗಿದ್ಯಾ? ನನಗೆ ಹೇಳಲೇ ಇಲ್ಲವಲ್ಲ?"

"ನೀನು ಮಾತ್ರ ಹೇಳಿದ್ಯಾ?" ಎಂದ ದೇವಸಹಾಯ. "ಸೂರಿನ ಗರಿ ಹಾರಿಹೋಗೋ ಹಾಗಿತ್ತು. ಕಟ್ಟಿ ಬಂದೆ."

ಚೌರಪ್ಪನ ಕೈ ನಿಧಾನವಾಯಿತು.

ಮೂರನೆಯವರು ಜ್ಞಾನಪ್ಪ. ಗುರುಗಳಿಗಿಂತಲೂ ವಯಸ್ಸಾದವರು, ಕಣ್ಣು ಕಾಣುತ್ತಿರಲಿಲ್ಲ. ಅವರ ಕಾಲನ್ನು ಪರೀಕ್ಷಿಸುವ ಅಗತ್ಯವಿಲ್ಲ ಎಂದುಕೊಂಡೇ ಚೌರಪ್ಪ ನೀರು ಹೊಯ್ದ. ಕೈಗೆ ಮುಳ್ಳು ತಗುಲಿತು. ಇನ್ನೊಂದು ತಗುಲಿತು. ಎರಡು ಅಂಗಾಲೂ ಬಾತುಕೊಂಡಿದ್ದವು.

"ತಾತ, ನೀವು ಅಲ್ಲಿಗೆ ಹೇಗೆ ಬಂದ್ರಿ?"

"ಹೊಳೆ ಸದ್ದು ಹಿಡ್ಕೊಂಡು. ಕೊಡ ತುಂಬೋದಕ್ಕೆ ಕಣ್ಣು ಯಾಕಪ್ಪ ಬೇಕು? ತುಂಬಿದ್ದು ಕಿವಿಗೆ ಗೊತ್ತಾಗುತ್ತೆ."

"ಮುಳ್ಳು ಚುಚ್ಚಿದ ಮೇಲಾದರೂ ತಿರುಗಿ ಹೋಗಬಾರದಿತ್ತಾ?"

"ದನ ನುಗ್ಗದೇ ಇರಲಿ ಅಂತ ಬೇಲಿ ಹಾಕ್ಕೊಂಡಿದ್ದೀಯ ಅಂದ್ಕೊಂಡೆ. ಒಳ್ಳೇದೇ ಮಾಡಿದೆ. ಒಬ್ಬನೇ ಇರೋ ಜಾಗ ಅಲ್ಲವಾ."

ಚೌರಪ್ಪನಿಗೆ ತಲೆ ಎತ್ತಲಾಗಲಿಲ್ಲ. ಒಂದೊಂದೇ ಮುಳ್ಳನ್ನು ಉಗುರಿನಿಂದ ಕಿತ್ತ. ನೋಯಿಸಬಾರದೆಂದು ನೋಡಿದ, ನೋಯಿತು. ಮುದುಕರು ಕಾಲು ಹಿಂದಕ್ಕೆಳೆದುಕೊಳ್ಳಲಿಲ್ಲ.

ಕೊನೆಗೆ ಗುರುಗಳು ತಮ್ಮ ಕಾಲು ಚಾಚಿದರು. ಅದರಲ್ಲೂ ಮುಳ್ಳಿತ್ತು.

"ನೀವೂನಾ ಸ್ವಾಮಿ? ನೀವು ಯಾಕೆ?"

"ಬೆಳಗಿನ ಜಾವ ಬಂದು ಹೊರಗೆ ನಿಲ್ತಿದ್ದೆ. ನೀನು ಎದ್ದು ಕೆಮ್ಮೋದು ಕೇಳಿಸಿದ ಮೇಲೆ ವಾಪಸು ಬರ್ತಿದ್ದೆ, ಅಷ್ಟೆ."

ಗುರುಗಳು ರಾಯಪ್ಪನ ಭುಜ ಹಿಡಿದು ಎದ್ದರು.

"ಮಾತು ಕೊಟ್ಟಾಗಿದೆ. ಮುಳ್ಳು ಚುಚ್ಚಿದ ಕಾಲಿನವರು ಹೋಗಬೇಕು. ಏಳಿ, ಗಂಟುಮೂಟೆ ಕಟ್ಟೋಣ. ಚೌರಪ್ಪ, ಇನ್ನು ಆಶ್ರಮ ಪೂರ್ತಿ ನಿನಗೇ. ಇಲ್ಲೂ ಒಬ್ಬನೇ ಇರಬಹುದು."

ದೇವಸಹಾಯ ನಿಜವಾಗಿಯೂ ಎದ್ದು ನಿಂತ. ಜ್ಞಾನಪ್ಪ ತಮ್ಮ ಕೋಲಿಗಾಗಿ ತಡಕಾಡಿದರು.

"ಬೇಡಿ," ಎಂದ ಚೌರಪ್ಪ. "ಯಾರೂ ಹೋಗಬೇಡಿ. ನಾನು ಹೋಗ್ತೀನಿ ಸ್ವಾಮಿ. ನನಗಿಲ್ಲಿ ಇರೋ ಯೋಗ್ಯತೆ ಇಲ್ಲ."

"ಮತ್ತೆ ಒಬ್ಬನೇ?"

ಚೌರಪ್ಪ ಬೋಗುಣಿ ಬಿಟ್ಟು ಎದ್ದ.

"ಕೂತ್ಕೋ," ಎಂದರು ಗುರುಗಳು. "ಇನ್ನೊಬ್ಬನ ಕಾಲು ಉಳಿದಿದೆ."

ಅವರು ಮೊಣಕಾಲೂರಿ ಚೌರಪ್ಪನ ಕಾಲನ್ನು ಬೋಗುಣಿಯಲ್ಲಿಟ್ಟುಕೊಂಡರು. ಅವನು ಉಳಿದವರ ಕಾಲು ಪರೀಕ್ಷಿಸಿದ ಹಾಗೆಯೇ ಹಿಮ್ಮಡಿ ನೋಡಿದರು, ಬೆರಳ ಸಂದಿ ಬಿಡಿಸಿ ನೋಡಿದರು, ಅಂಗಾಲನ್ನು ದೀಪಕ್ಕೆ ಹಿಡಿದು ನೋಡಿದರು.

"ಒಂದೂ ಮುಳ್ಳಿಲ್ಲ, ಚೌರಪ್ಪ. ಈ ಕಾಲು ಯಾರ ಬಾಗಿಲಿಗೂ ಹೋಗಿಲ್ಲ."