ಪಟೇಲನ ಎದುರು ಬಾಗಿದವರು

ಹೊಳೆದಂಡೆಯ ಆ ಆಶ್ರಮದಲ್ಲಿ ಒಂದು ಪದ್ಧತಿಯಿತ್ತು. ಎದುರಿಗೆ ಯಾವ ಜೀವ ಬಂದರೂ, ನಾಯಿಯಾಗಲಿ ಕರುವಾಗಲಿ, ಎರಡು ಹೆಜ್ಜೆ ಹಿಂದೆ ಸರಿದು, ಬಾಗಿ, 'ಶರಣು' ಎಂದು ಕೈಮುಗಿಯಬೇಕು. ದಾರಿ ಬಿಡಬೇಕು.

ಇದನ್ನು ಪಂಪಾಪತಿಯಷ್ಟು ಅಚ್ಚುಕಟ್ಟಾಗಿ ಪಾಲಿಸಿದ ಶಿಷ್ಯ ಇನ್ನೊಬ್ಬನಿರಲಿಲ್ಲ. ಇರುವೆ ಸಾಲು ಕಂಡರೂ ಬಾಗುತ್ತಿದ್ದ. ಬಂದ ಭಕ್ತರು ತಮ್ಮ ಮಕ್ಕಳಿಗೆ ಅವನನ್ನು ತೋರಿಸಿ, ನೋಡಿ ಕಲಿಯಿರಿ ಎನ್ನುತ್ತಿದ್ದರು. ಆ ಮಾತು ಅವನ ಕಿವಿಗೆ ಬೀಳುತ್ತಿತ್ತು. ಬೀಳಲಿ ಎಂದೇ ಅವನು ಭಕ್ತರ ಪಕ್ಕದಲ್ಲಿ ಸ್ವಲ್ಪ ನಿಧಾನವಾಗಿ ನಡೆಯುತ್ತಿದ್ದ ಎಂದರೂ ತಪ್ಪಿಲ್ಲ.

ಅಂಥವನ ಕೈಗೆ ಒಂದು ಟರ್ಕಿ ಕೋಳಿಯ ಮರಿ ಬಂತು.

ತಂದುಕೊಟ್ಟವನು ಕೋಳಿ ಫಾರಮ್ಮಿನ ರುದ್ರೇಶ. ರೋಗ ಬಡಿದು ಉಳಿದ ಮರಿಗಳೆಲ್ಲ ಸತ್ತು ಇದೊಂದೇ ಬದುಕಿತ್ತಂತೆ. ಪಂಪಾಪತಿ ಅದನ್ನು ಮಡಿಲಲ್ಲಿಟ್ಟುಕೊಂಡು ಪಂಚೆಯ ಮಡಿಕೆಯಿಂದ ನುಚ್ಚು ತಿನ್ನಿಸಿದ. ತನ್ನ ಹೊದಿಕೆಯ ಮೂಲೆಯಲ್ಲೇ ಮಲಗಿಸಿದ. ಇನ್ನೊಂದು ಕೋಳಿಯ ಮುಖವನ್ನೇ ಕಾಣದೆ, ಮನುಷ್ಯರೇ ತನ್ನವರು ಎಂದುಕೊಂಡು ಅದು ಬೆಳೆಯಿತು.

ಬೆಳೆದದ್ದು ಗಂಡು. ಎಂಟು ತಿಂಗಳಾಗುವ ಹೊತ್ತಿಗೆ ಬಾಲ ಬಿಚ್ಚಿ, ರೆಕ್ಕೆಯ ತುದಿ ನೆಲಕ್ಕೆ ಎಳೆಯುತ್ತ, ಕೆಂಪು ನೀಲಿ ಮೋರೆ ಎತ್ತಿಕೊಂಡು ಅಂಗಳ ಸುತ್ತುವ ಠೀವಿ ನೋಡಿ ಎಲ್ಲರೂ ಪಟೇಲ ಎಂದು ಹೆಸರಿಟ್ಟರು.

ಪಟೇಲ ಎದುರಾದಾಗಲೆಲ್ಲ ಆಶ್ರಮದವರು ಎರಡು ಹೆಜ್ಜೆ ಹಿಂದೆ ಸರಿದು ಬಾಗಿದರು. ಪಟೇಲ ಎರಡು ಹೆಜ್ಜೆ ಮುಂದೆ ಬಂದ. ಮೊದಮೊದಲು ಪಂಚೆ ಕುಕ್ಕಿದ. ಆಮೇಲೆ ಮೊಣಕಾಲು ಕುಕ್ಕಿದ. ಆಮೇಲೆ ಹಾರಿ ಒದೆಯುವುದನ್ನೂ ಕಲಿತ.

ಶನಿವಾರ ಹೊನ್ನಜ್ಜಿಯನ್ನು ಕೆಡವಿದ.

ಹೊನ್ನಜ್ಜಿ ಪಕ್ಕದ ಹಳ್ಳಿಯಿಂದ ದಿನಾ ಕೋಲೂರಿಕೊಂಡು ಬಂದು ಆಶ್ರಮಕ್ಕೆ ಮಜ್ಜಿಗೆ ಕೊಡುವ ಮುದುಕಿ. ಬಿದ್ದ ಏಟಿಗೆ ಅವಳ ಬಲಗೈ ಮುರಿಯಿತು. ಕೋಲನ್ನು ಅಲ್ಲೇ ಬಿಟ್ಟು, ಇಬ್ಬರ ಹೆಗಲ ಮೇಲೆ ಮನೆಗೆ ಹೋದಳು.

ಇನ್ನು ಇದನ್ನು ಇಟ್ಟುಕೊಳ್ಳುವುದು ಬೇಡ ಎಂದು ಎಲ್ಲರೂ ಹೇಳಿದರು. ಸೋಮವಾರ ಸಂಜೆ ಬಂದು ಹಿಡಿದುಕೊಂಡು ಹೋಗುತ್ತೇನೆ, ಮಂಗಳವಾರ ಸಂತೆ ಇದೆ ಎಂದು ರುದ್ರೇಶ ಹೇಳಿ ಕಳಿಸಿದ. ಸಂತೆಗೆ ಹೋದ ಕೋಳಿ ಆಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮಾತ್ರ ಯಾರೂ ಬಾಯಿಬಿಟ್ಟು ಆಡಲಿಲ್ಲ.

ಆಶ್ರಮದ ಗುರುಗಳು ಅಡವಿಯಪ್ಪನವರು. ಸೋಮವಾರ ಬೆಳಿಗ್ಗೆ ಅವರು ಪಂಪಾಪತಿಯನ್ನು ಕರೆದರು.

"ಪಟೇಲ ಯಾಕಪ್ಪಾ ಹಿಂಗಾದ?"

"ಅದರ ಸ್ವಭಾವಾನೇ ಅಂಥದ್ದು ಬುದ್ಧಿ. ನಾವೆಷ್ಟು ಪ್ರೀತಿ ಮಾಡಿದ್ರೂ ಅಷ್ಟೇ."

"ನೀನು ಯಾವತ್ತಾದ್ರೂ ಅವನಿಗೆ ಹೊಡೆದಿದೀಯಾ?"

"ಇಲ್ಲ ಬುದ್ಧಿ."

ಹೇಳಿದ್ದು ಎರಡೇ ಪದ. ಗುರುಗಳ ಮುಖ ನೋಡಲಾರದೆ ಅವರ ಕಾಲಬೆರಳು ನೋಡುತ್ತ ನಿಂತ.

ನಿಜ ಬೇರೆಯೇ ಇತ್ತು. ತಿಂಗಳ ಹಿಂದೆ ಒಂದು ದಿನ, ಭಕ್ತರ ಎದುರಿಗೇ, ಬಾಗಿ ನಿಂತಿದ್ದ ಪಂಪಾಪತಿಯ ಹೆಗಲಿಗೆ ಪಟೇಲ ಹಾರಿ ಒದ್ದಿದ್ದ. ಪಂಪಾಪತಿ ಮಕಾಡೆ ಬಿದ್ದ. ಭಕ್ತರು ನಕ್ಕರು. ನೋಡಿ ಕಲಿಯಬೇಕಾಗಿದ್ದ ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕವು. ಪಂಪಾಪತಿಯೂ ನಕ್ಕು, ಮಣ್ಣು ಕೊಡವಿಕೊಂಡು ಎದ್ದು, ಪಟೇಲನಿಗೆ ಮತ್ತೆ ಕೈಮುಗಿದ. ಆಹಾ, ಎಂಥ ತಾಳ್ಮೆ ಎಂದರು ಭಕ್ತರು.

ಅಂದು ಮಧ್ಯಾಹ್ನ ಎಲ್ಲರೂ ಹೊಳೆಗೆ ಸ್ನಾನಕ್ಕೆ ಇಳಿದಾಗ, ಅವನು ಒಂದು ಬಿದಿರ ಕೋಲು ಹಿಡಿದು, ಪಟೇಲನಿದ್ದ ಹಿತ್ತಲಿಗೆ ಹೋದ.

ಅಂದಿನಿಂದ ಅದು ದಿನದ ಕೆಲಸವಾಯಿತು. ಹೊಡೆಯುವುದು, ಕೈ ತೊಳೆದುಕೊಳ್ಳುವುದು, ಸಂಜೆ ಎಲ್ಲರ ಮುಂದೆ ಅದೇ ಪಟೇಲನಿಗೆ ಬಾಗಿ ಶರಣು ಎನ್ನುವುದು. ಹೊಡೆದಷ್ಟೂ ಪಟೇಲ ಕೆರಳಿದ. ಕೆರಳಿದಷ್ಟೂ ಇವನು ಹೊಡೆದ.

ಅದಕ್ಕಿಂತ ನಾಚಿಕೆಯ ಸಂಗತಿ ಇನ್ನೊಂದಿತ್ತು. ಪಟೇಲ ಸಂತೆಗೆ ಹೋಗುತ್ತಾನೆ ಎಂದಾಗ ಎಲ್ಲರಿಗಿಂತ ಮೊದಲು ಸಮಾಧಾನವಾದದ್ದು ಪಂಪಾಪತಿಗೆ. ತನ್ನ ಮಡಿಲಲ್ಲಿ ಬೆಳೆದ ಜೀವ. ಅದು ಹೋದರೆ ಹಿತ್ತಲಿನ ವಿಷಯವೂ ಅದರ ಜೊತೆಗೇ ಹೋಗುತ್ತದೆ ಎಂದು ಅವನ ಮನಸ್ಸು ಲೆಕ್ಕ ಹಾಕಿತ್ತು.

"ರುದ್ರೇಶ ಬರೋದು ಸಂಜೆಗೆ. ಅಲ್ಲೀವರೆಗೂ ಪಟೇಲನ್ನ ಒಂದಿಷ್ಟು ಮಾತಾಡಿಸಿಕೊಂಡು ಬರೋಣ, ನಡಿ" ಎಂದು ಗುರುಗಳು ಎದ್ದರು.

ಹಿತ್ತಲಿಗೆ ತಡಿಕೆಯ ಬೇಲಿ. ಹೊನ್ನಜ್ಜಿಯ ಕೋಲನ್ನು ಯಾರೋ ಎತ್ತಿ ಅದಕ್ಕೇ ಒರಗಿಸಿದ್ದರು. ಗುರುಗಳು ಒಳಗೆ ಹೋಗುತ್ತಾರೆ ಎಂದು ತಿಳಿದು ಉಳಿದ ಶಿಷ್ಯರೂ ಬಂದು ಬೇಲಿಯಾಚೆ ನಿಂತರು.

ಪಟೇಲ ಗುರುಗಳನ್ನು ಕಂಡವನೇ ಗೊಳಗೊಳ ಎಂದು ಕೂಗಿ, ಮೈ ಉಬ್ಬಿಸಿಕೊಂಡು ನುಗ್ಗಿದ.

ಗುರುಗಳು ಹಿಂದೆ ಸರಿಯಲಿಲ್ಲ. ಬಾಗಲೂ ಇಲ್ಲ. ಹೊಲಕ್ಕೆ ಹೊರಟವರ ಹಾಗೆ ನೆಟ್ಟಗೆ ಅವನ ಕಡೆಗೇ ನಡೆದರು. ಪಟೇಲ ತಬ್ಬಿಬ್ಬಾಗಿ ಪಕ್ಕಕ್ಕೆ ಸರಿದ, ಸುತ್ತು ಹಾಕಿ ಮತ್ತೆ ನುಗ್ಗಿದ. ಈ ಸಲ ಗುರುಗಳು ಅವನ ಬೆನ್ನ ಮೇಲೆ ಅಂಗೈ ಇಟ್ಟು ಮೆಲ್ಲಗೆ ಒತ್ತಿ ನೆಲಕ್ಕೆ ಕೂರಿಸಿದರು. ಇನ್ನೊಂದು ಕೈ ರೆಕ್ಕೆಯ ಮೇಲಿತ್ತು. ಸಿಟ್ಟಿಲ್ಲ, ಆತುರವಿಲ್ಲ. ಪಟೇಲ ಕೊಸರಾಡಿದ, ಕೂಗಿದ. ಗುರುಗಳು ಕೈ ತೆಗೆಯಲಿಲ್ಲ.

ಬಹಳ ಹೊತ್ತಿನ ಮೇಲೆ ಪಟೇಲನ ಕೊರಳು ಸಡಿಲವಾಯಿತು. ಮೋರೆಯ ಕೆಂಪು ಇಳಿಯಿತು. ಆಗ ಬಿಟ್ಟರು. ಅವನು ಎದ್ದು ಗರಿ ಕೊಡವಿಕೊಂಡು, ಏನೂ ಆಗಿಲ್ಲವೆಂಬಂತೆ ಹುಲ್ಲು ಕುಕ್ಕತೊಡಗಿದ.

"ನೀವು ಬಾಗಲೇ ಇಲ್ಲ ಬುದ್ಧಿ" ಎಂದ, ಹಿತ್ತಲ ಬಾಗಿಲಲ್ಲೇ ನಿಂತಿದ್ದ ಪಂಪಾಪತಿ.

"ಇಲ್ಲಿ ದೊಡ್ಡವರು ಯಾರು ಅಂತ ಅವನು ಕೇಳ್ತಿದ್ದ. ನೀವೆಲ್ಲ ಬಾಗಿ ಬಾಗಿ ನೀನೇ ಅಂದ್ರಿ. ಅವನು ನಂಬಿದ."

ಗುರುಗಳು ಮತ್ತೆ ಹೇಳಿದರು: "ಬಾಗೋದನ್ನ ಕಲಿಸಿದೋನು ನಾನು. ನಿಂತ್ಕೊಳ್ಳೋದನ್ನ ಕಲಿಸಲಿಲ್ಲ. ಅಜ್ಜಿ ಕೈ ಮುರಿಯೋವರೆಗೂ ನನಗದು ಹೊಳೀಲಿಲ್ಲ."

ಗುರುಗಳು ನಾಚಿದ್ದನ್ನು ಪಂಪಾಪತಿ ಎಂದೂ ಕಂಡಿರಲಿಲ್ಲ. ಈಗಲೇ ಹೇಳಿಬಿಡಬೇಕು ಅನ್ನಿಸಿತು. ಆದರೆ ಬೇಲಿಯಾಚೆ ಏಳೆಂಟು ಜನ ನಿಂತಿದ್ದರು.

"ಅಜ್ಜಿ ಕೋಲು ಅಲ್ಲೈತೆ ನೋಡು. ತಗೊಂಡು ಒಳಗೆ ಬಾ" ಎಂದರು ಗುರುಗಳು.

ಅವನು ಕೋಲನ್ನೇ ನೋಡುತ್ತ ನಿಂತ. ಗುರುಗಳು ಕಾದರು. ಕೊನೆಗೆ ಕೋಲು ಹಿಡಿದು ಒಳಗೆ ಬಂದ.

ಹುಲ್ಲು ಕುಕ್ಕುತ್ತಿದ್ದ ಪಟೇಲ ತಲೆ ಎತ್ತಿ ನೋಡಿದ. ನೋಡಿದವನೇ ಗರಿಯೆಲ್ಲ ಮುದುರಿಕೊಂಡು ಮೂಲೆಗೆ ಓಡಿದ. ತಡಿಕೆಗೆ ಮೈ ಒತ್ತಿ, ಅದನ್ನು ತೂರಿಕೊಂಡು ಹೋಗಲು ನೋಡಿದ. ದಾರಿ ಸಿಗದಾಗ ತಿರುಗಿ, ಮೈಮೇಲೆ ಬಂದವನ ಹಾಗೆ ಹಾರಿದ. ಹಾರಿದ್ದು ಪಂಪಾಪತಿಯ ಮೇಲಲ್ಲ, ಕೋಲಿನ ಮೇಲೆ. ಕೋಲನ್ನು ಒದ್ದ, ಕೋಲನ್ನು ಕುಕ್ಕಿದ. ಅದನ್ನು ಹಿಡಿದ ಕೈಯನ್ನು ಒಂದು ಸಲವೂ ಮುಟ್ಟಲಿಲ್ಲ.

ಕೋಲು ಕೆಳಗೆ ಬಿತ್ತು. ಪಟೇಲ ಅಲ್ಲಿಗೇ ನಿಂತ. ಕೊಕ್ಕು ತೆರೆದು ಏದುಸಿರು ಬಿಟ್ಟ. ಆಮೇಲೆ ಒಂದೊಂದೇ ಹೆಜ್ಜೆ ಇಟ್ಟುಕೊಂಡು ಬಂದು, ಪಂಪಾಪತಿಯ ಪಂಚೆಯ ಮಡಿಕೆಯಲ್ಲಿ ಕೊಕ್ಕು ತೂರಿಸಿ ನುಚ್ಚು ಹುಡುಕಿದ.

ಗುರುಗಳು ಏನನ್ನೂ ಕೇಳಲಿಲ್ಲ. ಕೇಳಿದ್ದರೆ, ಬೈದಿದ್ದರೆ, ಪಂಪಾಪತಿ ತಡೆದುಕೊಳ್ಳುತ್ತಿದ್ದನೇನೋ. ನೆಲ ಬಾಯಿ ಬಿಡಬಾರದೇ ಅನ್ನಿಸಿ ಅಲ್ಲೇ ಕುಸಿದು ಕೂತ.

"ಸುಳ್ಳು ಹೇಳಿದೆ ಬುದ್ಧಿ. ಒಂದು ತಿಂಗಳಿಂದ ದಿನಾ ಹೊಡೆದೆ. ಎಲ್ಲರ ಮುಂದೆ ಕೈಮುಗಿದು, ಹಿಂದೆ ಹೊಡೆದೆ. ಅಜ್ಜಿ ಕೋಲು ಕಂಡು ಅವನು ಕೆರಳಿದ್ದು, ಅಜ್ಜಿ ಬಿದ್ದಿದ್ದು ನನ್ನಿಂದ."

ಯಾವ ಶಿಕ್ಷೆಯಾದರೂ ಕೊಡಿ, ಉಪವಾಸ ಇರುತ್ತೇನೆ, ಹೊಳೆಯಲ್ಲಿ ಕುತ್ತಿಗೆವರೆಗೆ ನಿಲ್ಲುತ್ತೇನೆ ಎಂದು ಗೋಗರೆದ.

"ನೀನು ಉಪವಾಸ ಇದ್ರೆ ಅಜ್ಜಿ ಕೈ ಕೂಡುತ್ತೇನೋ? ಅವರ ಕೋಲು ಅವರಿಗೆ ಮುಟ್ಟಿಸಿ ಬಾ."

ಹೊನ್ನಜ್ಜಿ ಕೈಗೆ ಕಟ್ಟು ಹಾಕಿಸಿಕೊಂಡು ಜಗಲಿಯ ಮೇಲೆ ಕೂತಿದ್ದಳು. ಅವನನ್ನು ಕಂಡವಳೇ ಏಳಲು ಹೋಗಿ, ಆಗದೆ, ಎಡಗೈಯನ್ನೇ ಎದೆಗೆ ತಂದು ನಮಸ್ಕರಿಸಿದಳು. ಪಂಪಾಪತಿಗೆ ಮೈಯೆಲ್ಲ ಹಿಡಿಯಷ್ಟಾಯಿತು.

ಅವನು ಬಾಯಿ ತೆರೆಯುವ ಮೊದಲೇ ಅವಳು ತನ್ನ ಸಂಕಟ ಹೇಳಿಕೊಂಡಳು. ಎರಡು ದಿನದಿಂದ ಅವಳಿಗೆ ಕೈ ನೋವಿಗಿಂತ ಇನ್ನೊಂದು ನೋವು. ಆಶ್ರಮದ ಹಕ್ಕಿ, ಅಷ್ಟು ಜನರ ಶರಣು ತಗೊಂಡ ಹಕ್ಕಿ, ಬಂದುಬಂದು ತನ್ನನ್ನೇ ಕೆಡವಿತು ಅಂದರೆ ತನ್ನಲ್ಲೇ ಏನೋ ಪಾಪ ಇರಬೇಕು. ಸೊಸೆಗೆ ಆಡಿದ ಮಾತೋ, ಮಜ್ಜಿಗೆಗೆ ಒಂದು ದಿನ ನೀರು ಹೆಚ್ಚು ಹಾಕಿದ್ದೋ. ಕೂತಲ್ಲಿ ನಿಂತಲ್ಲಿ ಅದನ್ನೇ ಹುಡುಕುತ್ತಿದ್ದಳಂತೆ. ಊರವರಿಗೆ ಮುಖ ತೋರಿಸಲು ನಾಚಿಕೆಯಾಗಿ ಹೊರಗೆ ಹೋಗಿಯೇ ಇಲ್ಲವಂತೆ.

ತನ್ನ ನಾಚಿಕೆಯನ್ನು ಈ ಮುದುಕಿ ಎರಡು ದಿನ ಹೊತ್ತಿದ್ದಳು. ಪಂಪಾಪತಿಗೆ ಅಳು ಬಂತು. ಅಳುತ್ತಲೇ ಎಲ್ಲವನ್ನೂ ಹೇಳಿದ. ಹಿತ್ತಲು, ಕೋಲು, ಸುಳ್ಳು.

ಹೊನ್ನಜ್ಜಿ ತಲೆ ತಗ್ಗಿಸಿ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು:

"ಹಂಗಾದ್ರೆ ನಂದೇನೂ ಇಲ್ವೇನಪ್ಪಾ?"

"ನಿಮ್ಮದೇನೂ ಇಲ್ಲಜ್ಜಿ. ಎಲ್ಲಾ ನಂದೇ."

ಅವಳು ಬೈಯಲಿಲ್ಲ. ಪರವಾಗಿಲ್ಲ ಎಂದೂ ಹೇಳಲಿಲ್ಲ. ಒಳಗೆ ಮೊಸರು ಹುಳಿಯಾಗುತ್ತಿದೆ, ಕಡೆಯಲು ಕೈಯಿಲ್ಲ ಎಂದಳು. ಪಂಪಾಪತಿ ಕೂತು ಕಡೆದ. ಕಡೆದ ಮಜ್ಜಿಗೆ ಹೊತ್ತುಕೊಂಡು ಹೊರಟವನು, ಕೈ ಕೂಡುವವರೆಗೆ ದಿನಾ ಬರುತ್ತೇನೆ ಎಂದ. ಅವಳು ಹೂಂ ಎಂದಳು.

ಅವನು ಆಶ್ರಮಕ್ಕೆ ಮರಳುವಾಗ ರುದ್ರೇಶ ಖಾಲಿ ಬುಟ್ಟಿಯನ್ನು ಬೈಕಿಗೆ ಕಟ್ಟಿಕೊಂಡು ಎದುರಿಗೆ ಹೋದ.

ಗುರುಗಳು ಹಿತ್ತಲ ಬಾಗಿಲಲ್ಲಿ ಕೂತಿದ್ದರು. ಅವರ ತೊಡೆಯ ಮೇಲೆ ಪಂಪಾಪತಿ ಸೌದೆಯ ಹಿಂದೆ ಬಚ್ಚಿಟ್ಟಿದ್ದ ಬಿದಿರ ಕೋಲಿತ್ತು. ಅದನ್ನು ಅವನ ಕೈಗೆ ಕೊಟ್ಟರು.

"ನಾಳೆಯಿಂದ ದಿನಾ ಮಧ್ಯಾಹ್ನ, ಅದೇ ಹೊತ್ತಿಗೆ, ಇದನ್ನ ಹಿಡಕೊಂಡು ಒಳಗೆ ಹೋಗು. ಎತ್ತಬೇಡ. ಬಾಗಲೂ ಬೇಡ. ಸುಮ್ಮನೆ ಒಂದು ಗಳಿಗೆ ನಿಂತು ಬಾ. ಕೋಲು ಕಂಡ್ರೆ ಅವನಿಗಿರೋ ಭಯ ಹೋಗಬೇಕು. ನೋಡೋರು ನೋಡಲಿ."

"ಎಷ್ಟು ದಿನ ಬುದ್ಧಿ?"

"ನನ್ನ ಯಾಕೆ ಕೇಳ್ತೀಯಪ್ಪಾ? ಈ ಆಶ್ರಮದಲ್ಲಿ ಸುಳ್ಳು ಹೇಳೋಕೆ ಬರದೇ ಇರೋನು ಪಟೇಲ ಒಬ್ಬನೇ. ಅವನನ್ನೇ ಕೇಳು."