ಮೆದುನೆತ್ತಿ ಮತ್ತು ಹಣೆಮೂಳೆ

ಹೊನ್ನವ್ವನ ಮೊಮ್ಮಗಳು ಇನ್ನೂ ತಾಯಿಯ ಹೊಟ್ಟೆಯಲ್ಲಿದ್ದಾಗಲೇ, ಆ ಕೂಸಿನ ಹಣೆಮೂಳೆಗೆ ತಲೆಗೆಲ್ಲ ತಾನೇ ಯಜಮಾನನೆಂಬ ಗತ್ತಿತ್ತು. ತನಗೂ ಹಿಂದಿನ ಮೂಳೆಗಳಿಗೂ ನಡುವೆ ಬರೀ ಪೊರೆಯಾಗಿ ಹರಡಿಕೊಂಡಿದ್ದ ಮೆದುನೆತ್ತಿಯನ್ನು ಕಂಡರೆ ಅದಕ್ಕೆ ಆಗುತ್ತಿರಲಿಲ್ಲ.

"ಮೂಳೆಯಲ್ಲದವಳಿಗೆ ತಲೆಯೋಡಿನಲ್ಲಿ ಏನು ಕೆಲಸ? ಜಾಗ ಬಿಡಮ್ಮ, ನಾವು ಮೂಳೆಗಳು ನಮ್ಮ ಅಂಚಿನ ಹಲ್ಲಿಗೆ ಹಲ್ಲು ಕೂಡಿಸಿ ಹೊಲಿಗೆ ಹಾಕಿಕೊಳ್ಳುತ್ತೇವೆ," ಎಂದಿತು.

"ಅವಸರವೇಕಣ್ಣ? ನೀನೇ ಇನ್ನೂ ನಡುವೆ ಸೀಳಿ ಎರಡು ಹೋಳಾಗಿದ್ದೀಯ," ಎಂದಿತು ಮೆದುನೆತ್ತಿ. "ದಾರಿ ಇಕ್ಕಟ್ಟಾಗಿದೆ. ಮೊದಲು ಹುಟ್ಟೋಣ."

ಹೆರಿಗೆಯ ದಿನ ಆ ಇಕ್ಕಟ್ಟಿನಲ್ಲಿ ತಲೆ ಸಿಕ್ಕಿಕೊಂಡಿತು. ಒತ್ತಡಕ್ಕೆ ಹಣೆಮೂಳೆ ಇನ್ನೇನು ಮುರಿಯಬೇಕು, ಅಷ್ಟರಲ್ಲಿ ಮೆದುನೆತ್ತಿ ತಾನು ಮಡಿಚಿಕೊಂಡು, "ಜರುಗಣ್ಣ, ಹಿಂದಿನ ಮೂಳೆಗಳ ಕೆಳಗೆ ನುಸುಳು," ಎಂದಿತು. ಮೂಳೆಗಳು ಒಂದರ ಮೇಲೊಂದು ಜಾರಿದವು. ಕೂಸು ಹೊರಬಂದು ಅತ್ತಿತು.

ಹೊನ್ನವ್ವ ದಿನಾ ಮೊಮ್ಮಗಳ ನೆತ್ತಿಗೆ ಹರಳೆಣ್ಣೆ ಹಚ್ಚುತ್ತಿದ್ದಳು. ತಿಂಗಳುಗಳು ಕಳೆದಂತೆ ಮೂಳೆಗಳು ಹತ್ತಿರವಾದವು, ಮೆದುನೆತ್ತಿ ಕಿರಿದಾಗುತ್ತ ಬಂತು.

"ಇನ್ನಷ್ಟು ದಿನ ಇರಬಾರದೇನಮ್ಮ?" ಎಂದಿತು ಹಣೆಮೂಳೆ.

"ಇನ್ನು ಮಿದುಳು ಬೆಳೆಯೋದಕ್ಕೆ ನಿಮ್ಮ ಹೊಲಿಗೆಯ ಸಂದೇ ಸಾಕಣ್ಣ. ನೀವು ಕೂಡಿಕೊಳ್ಳಿ."

ಒಂದು ಬೆಳಿಗ್ಗೆ ಎಣ್ಣೆ ಹಚ್ಚುವಾಗ ಹೊನ್ನವ್ವನ ಬೆರಳಿಗೆ ಎಲ್ಲೂ ಮೆತ್ತಗೆ ಸಿಗಲಿಲ್ಲ. "ನೆತ್ತಿ ಕೂಡಿತು, ಇನ್ನು ಭಯವಿಲ್ಲ," ಎಂದು ಅವಳು ಕೂಸಿನ ಹಣೆಯನ್ನು ಮೆಚ್ಚಿ ತಟ್ಟಿದಳು. ಆ ಮೆಚ್ಚುಗೆ ಯಾರಿಗೆ ಸಲ್ಲಬೇಕೆಂದು ಹಣೆಮೂಳೆಗೆ ಗೊತ್ತಿತ್ತು. ಹೇಳೋಣವೆಂದು ಹಿಂದೆ ತಿರುಗಿದರೆ, ಅಲ್ಲಿ ಹೊಲಿಗೆಯ ಗೆರೆಯೊಂದೇ ಇತ್ತು.